ಹತ್ತಿಸಿದವನ ಮಾತು

ಬೆಳಗೋಡು ಹತ್ತಿರ, ಎಸ್ಟೇಟಿನ ರೈಟರ್ ಮನೆಯಿಂದ
೨೨ ಏಪ್ರಿಲ್ ೨೦೦೧, ಭಾನುವಾರ

ಪ್ರೀತಿಯ ಅಣ್ಣನಿಗೆ, ನಿನ್ನ ತಮ್ಮ ಮಹಾಲಿಂಗನ ನಮಸ್ಕಾರ.

ನೀನು, ಅತ್ತಿಗೆ, ಮಗು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಹೋದ ಸಲ ಫೋನು ಮಾಡಿದಾಗ ನಿನ್ನ ಗಂಟಲು ಕಟ್ಟಿತ್ತು. ರಜೆಯಲ್ಲೂ ಸ್ಪೋಕನ್ ಇಂಗ್ಲಿಷ್ ಕ್ಲಾಸು ಇಟ್ಟುಕೊಂಡರೆ ಕಟ್ಟದೆ ಇನ್ನೇನು, ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಲು ಹೇಳು ಎಂದು ಅವ್ವ ಹೇಳುತ್ತಿದ್ದಾಳೆ. ಅವ್ವನ ಮಂಡಿನೋವು ಹಾಗೇ ಇದೆ. ಅಪ್ಪ ಊಟ ಮಾಡುತ್ತಾನೆ, ಜಗಲಿಯ ಮೇಲೆ ಕೂರುತ್ತಾನೆ, ಮಾತಾಡುವುದಿಲ್ಲ. ಸೋಮವಾರಪೇಟೆಯಲ್ಲಿ ಮಳೆ ಬಂತೋ ಇಲ್ಲವೋ ಬರೆಯಬೇಡ, ನನಗೆ ಅದು ಬೇಕಾಗಿಲ್ಲ.

ಇಷ್ಟು ವರ್ಷ ನಿನ್ನಿಂದ ಮುಚ್ಚಿಟ್ಟಿದ್ದನ್ನು ಮೊದಲು ಹೇಳಿಬಿಡುತ್ತೇನೆ. ನಾನು ಸ್ಕೂಲು ಬಿಟ್ಟದ್ದು ಲೆಕ್ಕಕ್ಕೆ ಹೆದರಿ ಅಲ್ಲ. ಹಾಗೆಂದು ನೀನು ಊರೆಲ್ಲ ಹೇಳಿದೆ, ನಾನೂ ಸುಮ್ಮನಿದ್ದೆ. ಹತ್ತನೇ ಕ್ಲಾಸು ಶುರುವಾದ ಜೂನ್ ತಿಂಗಳು. ಇಂಗ್ಲಿಷ್ ಮೇಷ್ಟ್ರು ಬೋರ್ಡಿನ ಮೇಲೆ ಆನೆಸ್ಟ್ ಎಂದು ಬರೆದು ಒಬ್ಬೊಬ್ಬರೂ ಒಂದೊಂದು ವಾಕ್ಯ ಮಾಡಿ ಎಂದರು. ಮುಂದಿನ ಬೆಂಚಿನವನು ಗಾಂಧೀಜಿಯ ಮೇಲೆ ಮಾಡಿದ. ಅವನ ಪಕ್ಕದವನು ಯಾರೂ ಸಿಗದೆ ತನ್ನ ನಾಯಿಯ ಮೇಲೆ ಮಾಡಿದ. ನನ್ನ ಸರದಿ ಬಂದಾಗ ಎದ್ದು ನಿಂತು, ‘ಮೈ ಫಾದರ್ ಈಸ್ ನಾಟ್ ಆನೆಸ್ಟ್’ ಅಂದೆ. ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. “ವಾಕ್ಯ ಸರಿ ಐತೆ ಕಣೋ, ಮಾತು ಸರಿ ಇಲ್ಲ. ಆ ನಾಟ್ ತೆಗೆದು ಹೇಳು” ಅಂದರು. ತೆಗೆಯಕ್ಕಾಗಲ್ಲ ಸಾರ್ ಅಂದೆ. ಅಂಗೈಗೆ ಬಿತ್ತು. “ಈಗ ತೆಗೀತೀಯೋ ಇಲ್ವೋ?” ಇಲ್ಲ ಸಾರ್. ಇನ್ನೂ ಬಿತ್ತು. ಕೊನೆಗೆ, ಹೆತ್ತ ತಂದೆಯನ್ನು ಆಡಿಕೊಳ್ಳುವವನು ನನ್ನ ಕ್ಲಾಸಿನಲ್ಲಿ ಕೂರಬೇಡ, ನಾಟ್ ತೆಗೆದ ದಿನ ಬಾ ಎಂದರು. ಚೀಲ ತೆಗೆದುಕೊಂಡು ಬಂದೆ. ಆ ನಾಟ್ ತೆಗೆಯುವ ದಿನ ಬರಲೇ ಇಲ್ಲ. ಅದಕ್ಕೇ ನಾನೂ ಹೋಗಲಿಲ್ಲ.

ಯಾಕೆ ಹಾಗಂದೆ ಎಂದು ನೀನು ಕೇಳುವುದಿಲ್ಲ, ನಿನಗೆ ಗೊತ್ತು. ಅದರ ಹಿಂದಿನ ವಾರ ನಮ್ಮ ಎಸ್ಟೇಟಿನ ಆಳು ಕುಳ್ಳಯ್ಯ ಕಾಫಿ ತೋಟದ ಸಿಲ್ವರ್ ಮರದಿಂದ ಬಿದ್ದು ಸತ್ತಿದ್ದ. ಆ ಸಂಜೆ ನಾನು ಸ್ಕೂಲಿನಿಂದ ಬಂದಾಗ ನಮ್ಮ ಅಂಗಳದಲ್ಲಿ ಪೊಲೀಸ್ ಜೀಪು ನಿಂತಿತ್ತು. ಅಪ್ಪ ಜ್ವರದಲ್ಲಿ ಕಂಬಳಿ ಹೊದ್ದು ನಿಂತಿದ್ದ. ಪಕ್ಕದಲ್ಲಿ ಎಸ್ಟೇಟಿನ ಸಾಹುಕಾರರು. ಎಸ್.ಐ. ಕೇಳಿದ್ದಕ್ಕೆ ಅಪ್ಪ ನೆಲ ನೋಡಿಕೊಂಡು, “ಕುಡಿದಿದ್ದ ಸಾರ್. ನಾವು ಯಾರೂ ಹತ್ತಿಸಿಲ್ಲ. ಜೇನು ಕೀಳಾಕೆ ತಾನೇ ಹತ್ತವ್ನೆ” ಅಂದ. ಅದು ಸುಳ್ಳು ಎಂದು ನನಗೆ ಆಗಲೇ ಗೊತ್ತಾಯಿತು ಅಣ್ಣ. ಯಾಕೆಂದರೆ ಅದೇ ಬೆಳಿಗ್ಗೆ ನಾನು ಬಸ್ಸಿಗೆ ಓಡುವಾಗ ಕುಳ್ಳಯ್ಯ ದಾರಿಗೆ ಅಡ್ಡಲಾಗಿ ಕೆಂಪು ಬಟ್ಟೆ ಕಟ್ಟುತ್ತಿದ್ದ. ಮೇಲೆ ಮರಗಸಿ ನಡೆದಿದೆ, ನೆರಳಿನ ಮರದ ಕೊಂಬೆ ಕಡಿಯುತ್ತಿದ್ದಾರೆ, ಕೆಳಗೆ ಯಾರೂ ಬರಬೇಡಿ ಎಂದು ಎರಡು ಗಿಡದ ನಡುವೆ ಕಟ್ಟುತ್ತಾರಲ್ಲ, ಅದು. ಅವನ ಬಾಯಲ್ಲಿ ಎಲೆಯಡಿಕೆ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. “ಬಸ್ಸು ಬತ್ತಾ ಐತೆ ಓಡ್ಲಾ ಮಾಲಿಂಗ. ಇಲ್ಲಿ ಬರಬ್ಯಾಡ, ಆ ಕಡೆಯಿಂದ ಸುತ್ಕಂಡು ಹೋಗು” ಅಂದ. ಕಳ್ಳಜೇನಿಗೆ ಹತ್ತುವವನು ನಾನು ಮೇಲಿದ್ದೇನೆ ಎಂದು ದಾರಿಗೆ ಬಾವುಟ ಕಟ್ಟಿ ಹತ್ತುತ್ತಾನಾ? ಜೀಪು ಹೋದಮೇಲೆ ಓಡಿಹೋಗಿ ನೋಡಿದೆ. ಬಟ್ಟೆ ಇರಲಿಲ್ಲ. ಅಪ್ಪನೇ ಹತ್ತಿಸಿ, ಅಪ್ಪನೇ ಬಿಚ್ಚಿಸಿ, ಅಪ್ಪನೇ ಸುಳ್ಳು ಹೇಳಿದ ಎಂದು ತೀರ್ಮಾನ ಮಾಡಿಕೊಂಡೆ. ಜ್ವರದಲ್ಲಿ ಮಲಗಿದ್ದಲ್ಲಿಂದಲೇ ಹುಕುಂ ಕಳಿಸಿದ್ದಾನೆ ಎಂದುಕೊಂಡೆ. ಐದು ವರ್ಷ ಅವನ ಕೈಯಿಂದ ಒಂದು ಲೋಟ ನೀರನ್ನೂ ನಾನಾಗಿ ಕೇಳಿ ಕುಡಿದಿಲ್ಲ.

ನಿನಗೆ ನೆನಪಿದೆಯೋ ಇಲ್ಲವೋ, ಆ ಪದಗಳನ್ನೆಲ್ಲ ನನಗೆ ಹೇಳಿಕೊಟ್ಟವನು ನೀನು. ಕಾಲೇಜಿನಿಂದ ರಜಕ್ಕೆ ಬಂದಾಗ ಜಗಲಿಯ ಮೇಲೆ ಕಾಲು ಚಾಚಿ ಕೂತು, ಡಿಕ್ಷನರಿ ಮಡಿಲಲ್ಲಿಟ್ಟುಕೊಂಡು ಹೇಳುತ್ತಿದ್ದೆ. ನಾವು ನಿಯತ್ತು ಎಂದು ಒಂದೇ ಮಾತಿನಲ್ಲಿ ಮುಗಿಸುವುದನ್ನು ಇಂಗ್ಲಿಷಿನವರು ಎಷ್ಟೊಂದು ಡಬ್ಬಿಗಳಲ್ಲಿ ಬೇರೆ ಬೇರೆ ತುಂಬಿಟ್ಟಿದ್ದಾರೆ ನೋಡು ಎನ್ನುತ್ತಿದ್ದೆ. ಸಿನ್ಸಿಯರ್ ಅಂದರೆ ಅವ್ವ, ಜ್ವರವಿದ್ದರೂ ಮಿಂದು ಲಿಂಗಪೂಜೆ ಬಿಡುವುದಿಲ್ಲ. ಲಾಯಲ್ ಅಂದರೆ ನಮ್ಮ ಕೆಂಚ, ಸಾಹುಕಾರರ ಬಂಗಲೆಯ ಮಾಂಸದ ಮೂಳೆಗೂ ಹೋಗದೆ ನಮ್ಮ ಬಾಗಿಲಲ್ಲೇ ರಾಗಿಮುದ್ದೆ ತಿಂದು ಬೀಳುವ ನಾಯಿ. ಡಿಪೆಂಡಬಲ್ ಅಂದರೆ ಒರಗಿದರೆ ಬೀಳದ ಗೋಡೆ. ಅಪ್‌ರೈಟ್ ಅಂದರೆ ಸಿಲ್ವರ್ ಮರ, ಎಲ್ಲಿಯೂ ಬಾಗದೆ ನೆಟ್ಟಗೆ ಮೇಲಕ್ಕೆ. ಇಂಟೆಗ್ರಿಟಿ ಅಂದರೇನು ಎಂದು ಕೇಳಿದಾಗ ನೀನು ತುಂಬ ಹೊತ್ತು ಯೋಚಿಸಿ, ಬೆಲ್ಲದ ಅಚ್ಚು ಕಣೋ, ಯಾವ ಮೂಲೆ ಮುರಿದು ಬಾಯಿಗೆ ಹಾಕಿಕೊಂಡರೂ ಅದೇ ರುಚಿ ಎಂದೆ. ಆಗ ನನಗೆ ನಿನ್ನ ಮೇಲೆ ಎಷ್ಟು ಹೆಮ್ಮೆ ಬಂದಿತ್ತು ಎಂದರೆ ಅವ್ವನ ಡಬ್ಬಿಯಿಂದ ನಿಜವಾಗಿ ಬೆಲ್ಲ ಕದ್ದು ತಂದು ನಾಲ್ಕೂ ಮೂಲೆ ಕಚ್ಚಿ ನೋಡಿದ್ದೆ. ಮತ್ತೆ ಆನೆಸ್ಟ್? ಆನೆಸ್ಟ್‌ಗೆ ನೀನು ಯೋಚಿಸಲೇ ಇಲ್ಲ. “ಆನೆಸ್ಟ್ ಅಂದ್ರೆ ನಮ್ಮ ಕುಳ್ಳಯ್ಯ” ಅಂದೆ. ಸಾಹುಕಾರರ ತೋಟದ ಸೀಬೆಹಣ್ಣು ಕದ್ದು ನಾವಿಬ್ಬರೂ ತಿನ್ನುತ್ತ ಅವನಿಗೂ ಒಂದು ಕೊಟ್ಟರೆ, “ಯಾವ ಮರದ್ದು?” ಎಂದು ಕೇಳಿ, ತಿನ್ನದೆ, ಯಾರಿಗೂ ಹೇಳದೆ, ನಕ್ಕೊಂಡು ಹೋದನಲ್ಲ, ಅವತ್ತಿನದನ್ನು ನೆನೆಸಿಕೊಂಡು ಹೇಳಿದ್ದು. ಪದ ಕೊಟ್ಟವನೂ ನೀನೇ, ಆ ಪದಕ್ಕೆ ಆಳನ್ನು ತೋರಿಸಿದವನೂ ನೀನೇ.

ಈಗ ಬಸ್‌ಸ್ಟಾಪಿನ ಕಲ್ಲಿನ ವಿಷಯ. ನೀನು ಉದ್ಘಾಟನೆಗೆ ಬರಲಿಲ್ಲ, ಕೆಲಸವಿದೆ ಎಂದೆ. ಎಸ್ಟೇಟಿನ ತಿರುವಿನಲ್ಲಿ ಸಾಹುಕಾರರು ತಮ್ಮ ತಂದೆಯ ಹೆಸರಿನಲ್ಲಿ ಬಸ್‌ಸ್ಟಾಪ್ ಕಟ್ಟಿಸಿದ್ದಾರೆ, ಚೆನ್ನಾಗಿದೆ, ಕೂರಲು ಕಡಪಾ ಕಲ್ಲು ಹಾಕಿಸಿದ್ದಾರೆ. ಅವರ ತಂದೆಯ ಕಲ್ಲಿನ ಕೆಳಗೆ ಅಪ್ಪನದೂ ಒಂದು ಸಣ್ಣ ಕರಿಕಲ್ಲು. ನಮ್ಮ ರೈಟರ್ ಶ್ರೀ ವೀರಭದ್ರಯ್ಯನವರ ಲಾಯಲ್, ಸಿನ್ಸಿಯರ್ ಮತ್ತು ಡಿಪೆಂಡಬಲ್ ಸೇವೆಯ ನೆನಪಿಗೆ ಎಂದು ಇಂಗ್ಲಿಷಿನಲ್ಲಿ ಕೆತ್ತಿಸಿ ಚಿನ್ನದ ಬಣ್ಣ ತುಂಬಿಸಿದ್ದಾರೆ. ಪದ ಜೋಡಿಸಿ ಕೊಟ್ಟವನು ರೈಟರ್ ದೊಡ್ಡ ಮಗನೇ ಎಂದು ಸಾಹುಕಾರರು ಮೈಕಿನಲ್ಲಿ ಹೇಳಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಅಪ್ಪ ಶಾಲು ಹೊದ್ದು ಬೆವರುತ್ತ ಕೂತಿದ್ದ. ಮಾರನೆ ದಿನ ಸಂತೆಗೆ ಹೊರಟ ಹೆಂಗಸರು ಅಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಕುಳ್ಳಯ್ಯನ ಹೆಂಡತಿ ಭೂತಮ್ಮನೂ ಇದ್ದಳು. ಯಾರೋ ಒಬ್ಬಳು, “ಏನಂತ ಬರ್ಸವ್ರೆ ಓದಪ್ಪ ಮಾಲಿಂಗ, ನೀನು ಹತ್ತನೇ ಕ್ಲಾಸಿನ ಗಂಟ ಹೋದೋನು” ಅಂದಳು. ನನಗೆ ಸುಳ್ಳು ಓದಲು ಬರುವುದಿಲ್ಲ. ನಿಯತ್ತಿನವರು ಎಂದು ಬರೆದಿದ್ದಾರೆ ಅಂದೆ. ಭೂತಮ್ಮ ಕೂತಿದ್ದ ಕಲ್ಲಿನಿಂದ ಎದ್ದಳು. “ನಿಯತ್ತಾ? ನಿಮ್ಮಪ್ಪಂದಾ?” ಎಂದಳು, ಅಷ್ಟೇ. ಬಸ್ಸು ಬರುವವರೆಗೂ ಬಿಸಿಲಿನಲ್ಲೇ ನಿಂತಳು. ಅವತ್ತಿನಿಂದ ಅವಳು ಆ ನೆರಳಿಗೆ ಹೋಗುವುದಿಲ್ಲ.

ನಾನು ಆ ಕಲ್ಲನ್ನು ಎಷ್ಟು ಸಲ ಓದಿದ್ದೇನೆ ಎಂದರೆ ಕಣ್ಣು ಮುಚ್ಚಿದರೂ ಕಾಣುತ್ತದೆ. ನೀನು ಏನೇನು ಬರೆದಿದ್ದೀಯ ಎನ್ನುವುದಕ್ಕಿಂತ ಏನು ಬರೆದಿಲ್ಲ ಎನ್ನುವುದು ನನ್ನನ್ನು ಕೊರೆಯಿತು. ಅಷ್ಟು ಡಬ್ಬಿ ತೆಗೆದವನು ಆನೆಸ್ಟ್ ಎಂಬ ಡಬ್ಬಿಯನ್ನೇ ಮುಟ್ಟಿಲ್ಲ. ಎಲ್ಲಕ್ಕಿಂತ ಮೊದಲು ಕೈಗೆ ಸಿಗುವುದು ಅದೇ, ನಾಲ್ಕನೇ ಕ್ಲಾಸಿನ ಹುಡುಗನಿಗೂ ಗೊತ್ತಿರುವುದು ಅದೇ. ನಿನ್ನ ಕೈ ಅಲ್ಲಿ ನಿಂತಿತು ಎಂದುಕೊಂಡೆ. ಅಪ್ಪ ಸುಳ್ಳು ಹೇಳಿದ್ದು ಅಣ್ಣನಿಗೂ ಗೊತ್ತಿದೆ, ಕಲ್ಲಿನ ಮೇಲೆ ಸುಳ್ಳು ಕೆತ್ತಿಸಲು ಅವನಿಗೂ ಮನಸ್ಸು ಬಂದಿಲ್ಲ, ಪರವಾಗಿಲ್ಲ, ನಮ್ಮಣ್ಣ ಅಷ್ಟಾದರೂ ಇದ್ದಾನೆ ಎಂದು ಖುಷಿಪಟ್ಟೆ ಕಣೋ! ನಾಚಿಕೆಯಾಗುತ್ತದೆ ಬರೆಯಲು, ಖುಷಿಪಟ್ಟೆ.

ಮೊನ್ನೆ ಶುಕ್ರವಾರ ಈ ವರ್ಷದ ಮರಗಸಿ ಶುರುವಾಗಬೇಕಿತ್ತು. ನಾನು ಮೂರು ವರ್ಷದಿಂದ ಕರಿಯಪ್ಪನ ಗುಂಪಿನಲ್ಲಿ ಮರ ಹತ್ತುತ್ತಿದ್ದೇನೆ, ರೈಟರ್ ಮಗ ಕತ್ತಿ ಹಿಡಿದು ಕೊಂಬೆ ಕಡಿಯುತ್ತಾನೆ ಎಂದು ನಿನಗೆ ನಾಚಿಕೆ, ಇರಲಿ. ಗುಂಪಿನಲ್ಲಿ ಒಂದು ಪದ್ಧತಿ ಇದೆ. ನೀನು ಈ ತಿಂಗಳಲ್ಲಿ ಊರಿಗೆ ಬರುವುದನ್ನೇ ಬಿಟ್ಟಿದ್ದೀಯ, ಮರೆತಿದ್ದರೆ ನೆನಪಿಸುತ್ತೇನೆ. ಮೊದಲ ಮರ ಹತ್ತುವ ಮುಂಚೆ ಎಲ್ಲರೂ ಅತ್ತಿಮರದ ಕೆಳಗೆ ಸೇರುತ್ತಾರೆ. ಕತ್ತಿ, ಹಗ್ಗ ಸಾಲಾಗಿ ಇಟ್ಟು ಎಲೆಯಡಿಕೆ ಇಡುತ್ತಾರೆ. ಗುಂಪಿನ ಹಿರಿಯ ಕರಿಯಪ್ಪ, ಈ ಎಸ್ಟೇಟಿನ ಮರದಿಂದ ಬಿದ್ದು ಸತ್ತವರ ಹೆಸರು ಒಂದೊಂದಾಗಿ ಕೂಗುತ್ತಾನೆ. ಒಂದೊಂದು ಹೆಸರಿಗೂ ಉಳಿದವರೆಲ್ಲ ‘ಅವ್ನೆ’ ಎನ್ನುತ್ತಾರೆ. ಇದ್ದಾನೆ, ನಮ್ಮ ಜೊತೆ ಇದ್ದಾನೆ, ನಮ್ಮ ಕಾಲು ಕಾಯುತ್ತಾನೆ ಎಂದು. ಕೆಲಸಕ್ಕೆ ಹತ್ತಿ ಬಿದ್ದವನ ಹೆಸರು ಮಾತ್ರ ಅಲ್ಲಿ ಬರುತ್ತದೆ. ಜೇನಿಗೋ ಕಳ್ಳತನಕ್ಕೋ ಹತ್ತಿ ಬಿದ್ದವನನ್ನು ಕೂಗುವುದಿಲ್ಲ. ಹೊಸ ಹೆಸರು ಸೇರಬೇಕಾದರೆ ಅವನನ್ನು ಹತ್ತಿಸಿದವನು ಎಲ್ಲರ ಎದುರಿಗೆ ಬಂದು, ನಾನು ಹತ್ತಿಸಿದೆ, ಕೆಲಸಕ್ಕೆ ಹತ್ತಿದ ಎಂದು ಬಾಯಿಬಿಟ್ಟು ಹೇಳಬೇಕು. ಕಂಡವರು ಹೇಳಿದರೆ ಆಗುವುದಿಲ್ಲ, ಹೆಂಡತಿ ಹೇಳಿದರೂ ಆಗುವುದಿಲ್ಲ. ಕುಳ್ಳಯ್ಯನ ಹೆಸರನ್ನು ಇವತ್ತಿನವರೆಗೂ ಯಾರೂ ಕೂಗಿಲ್ಲ. ಭೂತಮ್ಮ ಪ್ರತಿ ವರ್ಷ ಬಂದು ದೂರದಲ್ಲಿ ಕಾಫಿ ಗಿಡದ ಹಿಂದೆ ನಿಂತು, ಸೆರಗು ಬಾಯಲ್ಲಿ ಕಚ್ಚಿಕೊಂಡು ಕೇಳಿಸಿಕೊಂಡು, ಅವನ ಹೆಸರು ಬರದೆ ಮುಗಿದಮೇಲೆ ಕೆಲಸಕ್ಕೆ ಹೋಗುತ್ತಾಳೆ. ಆಳುಗಳ ಲೈನ್‌ಮನೆಗಳಲ್ಲಿ ಜಗಳವಾದಾಗಲೆಲ್ಲ, “ಕಳ್ಳಜೇನಿಗೆ ಹೋಗಿ ಬಿದ್ದೋನ ಹೆಂಡ್ತಿ” ಎಂಬ ಮಾತು ಅವಳ ಮುಖಕ್ಕೆ ಬಂದು ಬಡಿಯುತ್ತದೆ. ಅವಳು ಯಾರ ಹತ್ತಿರವೂ ಏನೂ ಕೇಳಿಲ್ಲ. ಅವಳಿಗೆ ಬೇಕಾಗಿರುವುದು ಆ ಒಂದು ‘ಅವ್ನೆ’.

ಶುಕ್ರವಾರ ಕರಿಯಪ್ಪ ಹೆಸರುಗಳನ್ನು ಮುಗಿಸಿ ಕತ್ತಿಗೆ ಕೈ ಹಾಕಿದಾಗ ನಾನು ಕುಳ್ಳಯ್ಯ ಎಂದು ಕೂಗಿದೆ. ಯಾರೂ ಅವ್ನೆ ಎನ್ನಲಿಲ್ಲ. ಕರಿಯಪ್ಪ ಬಗ್ಗಿದ್ದವನು ನೆಟ್ಟಗಾದ. “ಯಾರಪ್ಪ ಹತ್ತಿಸಿದ್ದು? ಹತ್ತಿಸ್ದೋನು ಬಂದು ಹೇಳ್ಲಿ. ನೀನ್ಯಾವೋನ್ಲಾ ಕೂಗಾಕೆ?” ನಾನು, ರೈಟರ್ ಮಗ ಹೇಳುತ್ತಿದ್ದೇನೆ, ಅವನು ಕುಡಿದಿರಲಿಲ್ಲ, ಕೆಂಪು ಬಟ್ಟೆ ಕಟ್ಟಿದ್ದನ್ನು ನಾನೇ ನೋಡಿದ್ದೇನೆ ಅಂದೆ. “ನೋಡಿದ್ದು ಬ್ಯಾರೆ, ಹತ್ತಿಸಿದ್ದು ಬ್ಯಾರೆ. ನಿಮ್ಮಪ್ಪನ್ನ ಕರ್ಕಂಡು ಬಾ ಹೋಗು, ಆಮ್ಯಾಕೆ ಕೂಗುವಂತೆ” ಅಂದ ಕರಿಯಪ್ಪ. ಹಾಗಾದರೆ ನಾನು ಮರ ಹತ್ತುವುದಿಲ್ಲ ಎಂದೆ. ಹತ್ತಬೇಡ ಎಂದ. ಆಮೇಲೆ ಏನನ್ನಿಸಿತೋ, ತಾನೂ ಕತ್ತಿ ತೆಗೆದು ಗೋಣಿಚೀಲದಲ್ಲಿ ಸುತ್ತಿಟ್ಟ. ಉಳಿದವರೂ ಸುತ್ತಿಟ್ಟರು. ಗಿಡದ ಹಿಂದಿನಿಂದ ಭೂತಮ್ಮ ನನ್ನನ್ನೇ ನೋಡುತ್ತಿದ್ದಳು.

ಅಲ್ಲಿಂದ ನೆಟ್ಟಗೆ ಮನೆಗೆ ಬಂದೆ. ಅಪ್ಪ ಜಗಲಿಯ ಮೇಲೆ ಹಲಸಿನ ಬೀಜದ ಸಿಪ್ಪೆ ಬಿಡಿಸುತ್ತಿದ್ದ. ಐದು ವರ್ಷದ್ದೆಲ್ಲ ಒಂದೇ ಸಲ ಬಾಯಿಗೆ ಬಂತು. ನಿನಗೆ ಶಾಲು ಹೊದಿಸಿದರಲ್ಲ, ಕಲ್ಲು ಕೆತ್ತಿಸಿದರಲ್ಲ, ರಿಟೈರ್ ಆದರೂ ಮನೆ ಬಿಡಿಸದೆ ಇಟ್ಟುಕೊಂಡಿದ್ದಾರಲ್ಲ, ಅದಕ್ಕೆಲ್ಲ ಕುಳ್ಳಯ್ಯನ ಹೆಸರನ್ನು ಮಾರಿದೆಯಲ್ಲಪ್ಪ, ಈಗಲಾದರೂ ಬಂದು ನಾನು ಹತ್ತಿಸಿದೆ ಎಂದು ಹೇಳು ಎಂದು ಕಿರುಚಿದೆ. ಅಪ್ಪ ತಲೆ ಎತ್ತಲಿಲ್ಲ. ಬೀಜ ಬಿಡಿಸುತ್ತಲೇ, “ನಾನು ಹತ್ತಿಸಿರ್ಲಿಲ್ಲ ಕಣ್ಲಾ. ಹತ್ತಿಸ್ದೆ ಅಂದ್ರೆ ಅದೂ ಸುಳ್ಳಾಯ್ತದೆ. ಒಂದು ಹೇಳಿ ಪಟ್ಟಿದ್ದು ಸಾಕು” ಅಂದ. ಇನ್ನೂ ಸಾಹುಕಾರರ ಪಾಠವನ್ನೇ ಒಪ್ಪಿಸುತ್ತಿದ್ದಾನೆ ಎಂದುಕೊಂಡು ನಾನು ಬೀಜದ ಮೊರವನ್ನು ಒದ್ದೆ. ಆಗ ಅವ್ವ ಒಳಗಿನಿಂದ ಬಂದಳು. ಅವಳು ಹಾಗೆ ಕೂಗಿದ್ದನ್ನು ನಾನು ಹುಟ್ಟಿದಮೇಲೆ ಕೇಳಿಲ್ಲ. “ಅಪ್ಪನ್ನ ಒದ್ದಂಗೆ ಒದೀಬ್ಯಾಡ್ವೋ! ಅವತ್ತು ಮಳೆ ಹುಯ್ದಿತ್ತು, ಮರ ನೆಂದವೆ, ಇವತ್ತು ಯಾರನ್ನೂ ಮ್ಯಾಲಕ್ಕೆ ಹತ್ತಿಸ್ಬ್ಯಾಡ, ಚರಂಡಿ ಕೆಲ್ಸಕ್ಕೆ ಬುಡು ಅಂತ ನಿಮ್ಮಪ್ಪ ಹಾಸಿಗೆ ಮ್ಯಾಲಿಂದ ಹೇಳಿ ಕಳಿಸ್ತು. ನಾನೇ ಅಲ್ಲಿ ಗಂಜಿ ಹಿಡ್ಕಂಡು ನಿಂತಿದ್ದೆ. ಹತ್ತಿಸ್ದೋನು ರವಿ ಕಣೋ. ನಿಮ್ಮಣ್ಣ.”

ಅಣ್ಣ, ಅವತ್ತು ಅಪ್ಪನ ಬದಲು ಮಸ್ಟರ್ ಕರೆದು ಆಳುಗಳಿಗೆ ಕೆಲಸ ಹಂಚಲು ಹೋದವನು ನೀನು ಎಂಬುದು ಲೈನಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಅಪ್ಪ ಹೇಳಿದ್ದನ್ನು ನೀನು ಹೋಗಿ ಹೇಳಿದೆ ಎಂದು ಎಲ್ಲರೂ ತಿಳಿದಿದ್ದೆವು. ಮಿಕ್ಕದ್ದನ್ನು ಅವ್ವ ಅಳುತ್ತ ಹೇಳಿದಳು. ಆಳುಗಳು ಚರಂಡಿಯಲ್ಲಿದ್ದಾಗ ಸಾಹುಕಾರರು ಜೀಪು ನಿಲ್ಲಿಸಿ, “ಏನಯ್ಯಾ ಬಿ.ಎಡ್. ಮೇಷ್ಟ್ರೇ, ಮುಂಗಾರು ನೆತ್ತಿ ಮೇಲೆ ಬಂದೈತೆ, ಮರಗಸಿ ಆಳುಗಳಿಗೆ ಚರಂಡೀಲಿ ಪಾಠ ಮಾಡ್ತಿದೀಯಾ?” ಎಂದು ಆಳುಗಳ ಮುಂದೆ ನಕ್ಕರಂತೆ. ಅಷ್ಟಕ್ಕೆ ನಿನ್ನ ಮುಖ ಕೆಂಪಾಯಿತು. ಅಷ್ಟಕ್ಕೇನಾ ಅಣ್ಣ? ಒಂದು ನಗೆಗಾ? ನಾನು ಕರಿಯಪ್ಪನ ಹತ್ತಿರ ಹೋಗಿ ಅವತ್ತು ಮರದ ಕೆಳಗೆ ಏನು ಮಾತಾಯಿತು ಎಂದಷ್ಟೇ ಕೇಳಿದೆ. ಅವನು ಮರೆತಿಲ್ಲ. “ಕುಳ್ಳಯ್ಯ ಅಂದ, ಮರ ನೆಂದೈತೆ ಸಣ್ಣಪ್ಪೋರೆ, ಕಾಲು ನಿಲ್ಲಾಕಿಲ್ಲ ಅಂತ. ನಿಮ್ಮಣ್ಣ ಅಂತು, ಅಪ್ಪ ಹೇಳೈತೆ, ಹತ್ತು ಅಂತ. ರೈಟ್ರು ಮಾತು ಅಂದ್ಮ್ಯಾಲೆ ಇನ್ನೇನು ಮಾರಾಯ, ಬಟ್ಟೆ ಕಟ್ಟಿ ಹತ್ತಿದ.” ಅಪ್ಪ ಹೇಳೈತೆ. ಅಪ್ಪ ಹತ್ತಿಸಬೇಡ ಎಂದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಅಪ್ಪ ಹೇಳೈತೆ ಅಂದೆ. ನಿನ್ನ ಮಾತಿಗೆ ಅವನು ಹತ್ತುತ್ತಿರಲಿಲ್ಲ, ಅದು ನಿನಗೆ ಗೊತ್ತಿತ್ತು. ಅಪ್ಪನ ಮಾತಿಗೆ ಹತ್ತಿದ.

ಆಮೇಲೆ ಕೆಂಪು ಬಟ್ಟೆ ಬಿಚ್ಚಿದವನೂ ನೀನು. ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಬಂದು ಅಪ್ಪನ ಕಾಲು ಹಿಡಿದೆಯಂತೆ. ಸೋಮವಾರಪೇಟೆಯ ಕೆಲಸದ ಆರ್ಡರ್ ಬಂದಿತ್ತು, ಕೇಸಾದರೆ ಹೋಗುತ್ತಿತ್ತು. ಹಗ್ಗ ಕೊಡದೆ ಹತ್ತಿಸಿದ್ದು ತಿಳಿದರೆ ಸಾಹುಕಾರರಿಗೂ ತೊಂದರೆಯಿತ್ತು. ನಿಮ್ಮಿಬ್ಬರನ್ನೂ ಉಳಿಸಲು ಅಪ್ಪ ಕಂಬಳಿ ಹೊದ್ದು ಬಂದು ನೆಲ ನೋಡಿಕೊಂಡು ಸತ್ತವನನ್ನು ಕುಡುಕ ಮಾಡಿದ. ಮಾರನೇ ದಿನ ನೀನು ಟ್ರಂಕು ಹೊತ್ತು ಬಸ್ಸು ಹತ್ತಿದೆ. ನಾನೇ ಟ್ರಂಕಿನ ಒಂದು ಕಡೆ ಹಿಡಿದುಕೊಂಡು ತಿರುವಿನವರೆಗೂ ಬಂದಿದ್ದೆ. ಅಪ್ಪ ಯಾಕೆ ಹಾಗೆ ಹೇಳಿದ ಅಣ್ಣ ಎಂದು ನಾನು ಕೇಳಿದ್ದಕ್ಕೆ, ದೊಡ್ಡವರ ವಿಷಯ ನಿನಗೆ ಬೇಡ, ಓದಿಕೋ ಎಂದೆ. ಓದಿಕೋ ಎಂದವನಿಂದಲೇ ಓದು ಬಿಟ್ಟೆ ನಾನು.

ಈಗ ಆ ಕಲ್ಲನ್ನು ಮತ್ತೆ ಓದುತ್ತೇನೆ, ಮೈಯೆಲ್ಲ ಉರಿಯುತ್ತದೆ. ಲಾಯಲ್ ಎಂದೆಯಲ್ಲ, ಯಾರಿಗೆ? ಆ ಪದದ ಹಿಂದೆ ಯಾವಾಗಲೂ ಒಬ್ಬ ಯಜಮಾನ ನಿಂತಿರುತ್ತಾನೆ, ಯಾರಿಗೆ ಎಂದು ಕೇಳದೆ ಅದು ಮುಗಿಯುವುದೇ ಇಲ್ಲ. ಓದುವವರೆಲ್ಲ ಸಾಹುಕಾರರಿಗೆ ಎಂದುಕೊಳ್ಳುತ್ತಾರೆ. ನಿನಗೆ ಮಾತ್ರ ಗೊತ್ತು, ನಿನ್ನನ್ನು ಕಾದ ಅಪ್ಪನಿಗೆ ನೀನು ಸಾಹುಕಾರರ ಕಲ್ಲಿನಲ್ಲಿ, ಅವರ ಖರ್ಚಿನಲ್ಲಿ, ಯಾರಿಗೂ ಅರ್ಥವಾಗದ ಹಾಗೆ ಥ್ಯಾಂಕ್ಸ್ ಹೇಳಿಕೊಂಡಿದ್ದೀಯ. ಸಿನ್ಸಿಯರ್? ಹೌದು, ಮನಃಪೂರ್ವಕವಾಗಿ ಸುಳ್ಳು ಹೇಳಿದ, ನಿನಗಾಗಿ. ಸುಳ್ಳು ಹೇಳುವವನೂ ಸಿನ್ಸಿಯರ್ ಆಗಿರಬಹುದು ಎಂದು ನೀನು ನನಗೆ ಹೇಳಿಕೊಟ್ಟಿರಲಿಲ್ಲ. ಡಿಪೆಂಡಬಲ್? ನೀನು ಒರಗಿದೆ, ಅಪ್ಪ ಬೀಳಲಿಲ್ಲ. ಕುಳ್ಳಯ್ಯನೂ ಅದೇ ಗೋಡೆಗೆ ಒರಗಿದ್ದ, ರೈಟ್ರು ಮಾತು ಎಂದು. ಆನೆಸ್ಟ್ ಒಂದಕ್ಕೆ ಮಾತ್ರ ಯಾರಿಗೆ ಎಂದು ಕೇಳುವ ಹಾಗಿಲ್ಲ, ಅದು ಯಾರ ಮನೆಯ ನಾಯಿಯೂ ಅಲ್ಲ. ಅದಕ್ಕೇ ನಿನ್ನ ಕೈ ಅದನ್ನು ಬಿಟ್ಟಿತು. ನಾನು ಅದನ್ನು ನಿನ್ನ ಒಳ್ಳೆಯತನ ಎಂದುಕೊಂಡಿದ್ದೆ. ಅದು ಹೆದರಿಕೆ. ಆ ಪದ ಬರೆದರೆ ನಿನಗೆ ಕುಳ್ಳಯ್ಯ ಕಾಣುತ್ತಿದ್ದ.

ನಿನ್ನ ಸ್ಕೂಲಿನಲ್ಲಿ ನೀತಿ ಪಾಠದ ಕ್ಲಾಸೂ ನಿನಗೇ ಕೊಟ್ಟಿದ್ದಾರೆ ಎಂದು ಅತ್ತಿಗೆ ಹೆಮ್ಮೆಯಿಂದ ಹೇಳಿದ್ದರು. ಆ ಮಕ್ಕಳಿಗೆ ಬೆಲ್ಲದ ಅಚ್ಚಿನ ಮಾತು ಹೇಳುತ್ತೀಯಾ? ಸಿಲ್ವರ್ ಮರದ್ದು ಹೇಳುತ್ತೀಯಾ, ನೆಟ್ಟಗಿರುತ್ತದೆ ಎಂದು? ಮಳೆ ಬಿದ್ದಮೇಲೆ ಆ ನೆಟ್ಟಗಿನ ಮರದಲ್ಲಿ ಒಂದು ಕಾಲು ನಿಲ್ಲುವುದಿಲ್ಲ ಎಂಬುದನ್ನೂ ಸೇರಿಸಿ ಹೇಳು. ನಾನು ಅವತ್ತು ಕ್ಲಾಸಿನಲ್ಲಿ ಹೇಳಿದ ವಾಕ್ಯವನ್ನು ಇವತ್ತೂ ವಾಪಸ್ಸು ತೆಗೆದುಕೊಳ್ಳುವುದಿಲ್ಲ, ಅಪ್ಪ ಸುಳ್ಳು ಹೇಳಿದ್ದು ಸುಳ್ಳಲ್ಲ. ಆದರೆ ಗೊತ್ತಿದ್ದರೆ ಇನ್ನೊಂದು ವಾಕ್ಯ ಮಾಡುತ್ತಿದ್ದೆ, ಅದರಲ್ಲಿ ಫಾದರ್ ಇರುತ್ತಿರಲಿಲ್ಲ. ಚೆಲ್ಲಿದ ಬೀಜಗಳನ್ನು ನಾನೇ ಆರಿಸಿ ಮೊರಕ್ಕೆ ತುಂಬಿ ಅಪ್ಪನ ಮುಂದೆ ಇಟ್ಟೆ. ನೀರು ಕೊಡಪ್ಪ ಎಂದೆ. ಕೊಟ್ಟ. ಕುಡಿದು ಖಾಲಿ ಲೋಟವನ್ನು ಅವನ ಕೈಗೇ ಕೊಟ್ಟೆ. ಆದರೂ ಅವನು ಅತ್ತಿಮರದ ಕೆಳಗೆ ಬಂದು ನಿನ್ನ ಹೆಸರು ಹೇಳುವುದಿಲ್ಲ. “ಅವ್ನೇ ಹೇಳ್ಬೇಕು. ನಾನು ಹೇಳಿದ್ರೆ ಮಗನ್ನ ಹಿಡ್ಕೊಟ್ಟಂಗೆ ಆಯ್ತದೆ, ಅವ್ನು ಹೇಳಿದ್ರೆ ಮಗ ಮನೆಗೆ ಬಂದಂಗೆ ಆಯ್ತದೆ” ಎನ್ನುತ್ತಾನೆ. ಈ ಮನೆ ಹೋದರೂ ಪರವಾಗಿಲ್ಲ, ಆಲೂರಿನಲ್ಲಿ ಸೋದರಮಾವನ ಮನೆಯ ಪಕ್ಕ ಒಂದು ಕೋಣೆ ಇದೆ ಎಂದು ಅವ್ವ ಆಗಲೇ ಪಾತ್ರೆ ಕಟ್ಟಲು ಶುರುಮಾಡಿದ್ದಾಳೆ.

ನಾನು ಇದನ್ನು ಇನ್ನೂ ಯಾರಿಗೂ ಹೇಳಿಲ್ಲ. ಕರಿಯಪ್ಪ ನನ್ನ ಮುಖ ನೋಡಿ ಏನೋ ಊಹಿಸಿದ್ದಾನೆ, ಕೇಳಲಿಲ್ಲ. ಭೂತಮ್ಮನಿಗೂ ಹೇಳಿಲ್ಲ. ಬಾಯಲ್ಲಿ ಏನೂ ನಿಲ್ಲದ ನಾನು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಎರಡು ದಿನದಿಂದ ಊಟ ಸೇರದೆ ಓಡಾಡುತ್ತಿದ್ದೇನೆ, ನೀನು ಐದು ವರ್ಷ ಹೇಗೆ ಉಂಡೆಯೋ ಗೊತ್ತಿಲ್ಲ. ಎದುರಿಗೆ ಬಂದು ಹೇಳಬಹುದಿತ್ತು. ಆದರೆ ಎದುರಿಗೆ ನಿಂತರೆ ನೀನು ಮಾತಾಡುತ್ತೀಯ. ನಿನ್ನ ಹತ್ತಿರ ಅಷ್ಟೊಂದು ಪದಗಳಿವೆ, ನನ್ನ ಹತ್ತಿರ ಇರುವುದು ಒಂದೇ. ಅದಕ್ಕೆ ಮೊದಲು ನೀನು ಸುಮ್ಮನೆ ಕೂತು ಓದು.

ಅತ್ತಿಗೆಗೆ ನಮಸ್ಕಾರ ಹೇಳು, ಅವರ ಮೇಲೆ ನನಗೆ ಸಿಟ್ಟಿಲ್ಲ. ಮಗುವಿಗೆ ಮುತ್ತು. ಅಪ್ಪ ಅವ್ವ ನಿನಗೆ ಆಶೀರ್ವಾದ ಹೇಳಿದ್ದಾರೆ, ಇಬ್ಬರೂ ಹೇಳಿದ್ದಾರೆ, ನಾನು ಸೇರಿಸಿ ಬರೆದದ್ದಲ್ಲ.

ನಿನ್ನ ತಮ್ಮ,
ಮಹಾಲಿಂಗ

ಮತ್ತೆ: ರಿಯಾಜ್ ಲಾರಿ ಸ್ಟಾರ್ಟ್ ಮಾಡಿ ಹಾರನ್ ಹೊಡೆಯುತ್ತಿದ್ದಾನೆ, ಗೊಬ್ಬರದ ಲೋಡು ನಿಮ್ಮ ಕಡೆಗೇ ಹೋಗುತ್ತಿದೆ. ಈ ಕಾಗದವನ್ನು ಬೆಳಿಗ್ಗೆ ನಿನ್ನ ಕೈಗೇ ಕೊಡು, ಬೇರೆ ಯಾರಿಗೂ ಕೊಡಬೇಡ ಎಂದು ಹೇಳಿದ್ದೇನೆ. ಕರಿಯಪ್ಪ ಮಂಗಳವಾರ ಬೆಳಗಿನವರೆಗೂ ಮರ ಮುಟ್ಟುವುದಿಲ್ಲ ಎಂದಿದ್ದಾನೆ. ಅಷ್ಟರೊಳಗೆ ಹತ್ತಿಸಿದವನು ಬಾರದಿದ್ದರೆ ಮುಂದೆ ಯಾವತ್ತೂ ಆ ಹೆಸರು ಎತ್ತಬಾರದು ಎಂದೂ ಹೇಳಿದ್ದಾನೆ. ನೀನು ನನ್ನ ಜೊತೆ ವಾಪಸ್ಸು ಬಂದು ಅತ್ತಿಮರದ ಕೆಳಗೆ ನಿಂತು ಹೇಳಬೇಕು, ಇಂಗ್ಲಿಷ್ ಬೇಡ. ನೀನು ಬಿಚ್ಚಿ ತಂದ ಕೆಂಪು ಬಟ್ಟೆಯನ್ನು ಅವ್ವ ಸುಟ್ಟಿರಲಿಲ್ಲ, ಪೆಟ್ಟಿಗೆಯ ತಳದಲ್ಲಿತ್ತು, ಈಗ ನನ್ನ ಚೀಲದಲ್ಲಿದೆ. ಹತ್ತಿಸಿದವನನ್ನು ಕರೆತರಲು ಹೋಗುತ್ತೇನೆ ಎಂದು ಭೂತಮ್ಮನಿಗೆ ಹೇಳಿದೆ. ಯಾರು ಎಂದು ಅವಳು ಕೇಳಲಿಲ್ಲ, ನಾನೂ ಬರುತ್ತೇನೆ ಅಂದಳು. ನಾಳೆ ಬೆಳಗಿನ ಯಸಳೂರು ಬಸ್ಸಿಗೆ ನಾವಿಬ್ಬರೂ ನಿನ್ನಲ್ಲಿಗೆ ಹೊರಡುತ್ತೇವೆ.